ಅಜ್ಜಿಯ ಹೊಲಿಗೆ ಯಂತ್ರಕ್ಕೆ ಲಕ್ಷ ರೂಪಾಯಿ ಬೆಲೆಯೇ?

ಹಳೆಯ ಮನೆ ಕೆಡವುವಾಗ, ಆಸ್ತಿ ಪಾಲಾಗುವಾಗ ಹೊರಬೀಳುವ ಸಾಮಾನುಗಳಲ್ಲಿ ಕಾಲಿನಿಂದ ತುಳಿಯುವ ಕಪ್ಪು ಹೊಲಿಗೆ ಯಂತ್ರವೂ ಹಲವು ಕಡೆ ಇರುತ್ತದೆ. ಅದರ ಸುತ್ತ ಎರಡು ಬಗೆಯ ಮಾತು ಹುಟ್ಟಿಕೊಳ್ಳುತ್ತದೆ. ‘ಬ್ರಿಟಿಷರ ಕಾಲದ್ದು, ಲಕ್ಷಗಟ್ಟಲೆ ಸಿಗುತ್ತೆ’ ಎಂದು ಒಬ್ಬರು. ‘ತಿರುಗೋದೇ ಇಲ್ಲ, ಗುಜರಿಗೆ ಹಾಕಿ’ ಎಂದು ಇನ್ನೊಬ್ಬರು. ಎರಡೂ ತಪ್ಪು ತಿಳಿವಳಿಕೆಯೇ. ಮೊದಲ ಮಾತನ್ನು ನಂಬಿದವರು ಮೋಸ ಹೋಗುತ್ತಾರೆ. ಎರಡನೆಯದನ್ನು ನಂಬಿದವರು ಚೆನ್ನಾಗಿ ಹೊಲಿಯಬಲ್ಲ ಯಂತ್ರವನ್ನು ಕಿಲೋ ಲೆಕ್ಕದಲ್ಲಿ ಕಳೆದುಕೊಳ್ಳುತ್ತಾರೆ. ಈ ಯಂತ್ರಗಳ ವಯಸ್ಸು, ಸ್ಥಿತಿ, ಬೆಲೆಗಳ ಬಗ್ಗೆ ಹರಡಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ನೂರು ವರ್ಷ ಹಳೆಯದು, ಆದ್ದರಿಂದ ಅಪರೂಪದ್ದು.

ಸತ್ಯ: ಹಳೆಯದೆಲ್ಲ ಅಪರೂಪವಲ್ಲ. ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1851ರಲ್ಲಿ. 1856ರ ಹೊತ್ತಿಗೆ ಅವನ ಕಂಪನಿ ಕಂತಿನ ಮೇಲೆ ಯಂತ್ರ ಕೊಡಲು ಶುರುಮಾಡಿತ್ತು. ಒಂದೇ ಸಲಕ್ಕೆ ಹಣ ಹೊಂದಿಸಲಾಗದ ಸಾಮಾನ್ಯ ಕುಟುಂಬಗಳಿಗೂ ಯಂತ್ರ ಎಟುಕಿದ್ದು ಹೀಗೆ. ಬೇಡಿಕೆ ಎಷ್ಟು ಏರಿತೆಂದರೆ, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ 1885ರಲ್ಲಿ ತೆರೆದ ಸಿಂಗರ್ ಕಾರ್ಖಾನೆಯೊಂದರಿಂದಲೇ 1913ರಲ್ಲಿ 13 ಲಕ್ಷದಷ್ಟು ಯಂತ್ರಗಳು ಹೊರಬಂದವು. ಕಂಪನಿಗೆ ಅಮೆರಿಕದ ನ್ಯೂಜೆರ್ಸಿಯಲ್ಲೂ ದೊಡ್ಡ ಕಾರ್ಖಾನೆಯಿತ್ತು. ಹೀಗೆ ತಯಾರಾದವು ಬೀಡು ಕಬ್ಬಿಣ ಮತ್ತು ಉಕ್ಕಿನ ಯಂತ್ರಗಳಾದ್ದರಿಂದ ಬಹಳಷ್ಟು ಇಂದಿಗೂ ಉಳಿದಿವೆ.

ಸಂಗ್ರಾಹಕರು ದೊಡ್ಡ ಹಣ ಕೊಡುವುದು 1850-60ರ ದಶಕಗಳ ಮೊದಮೊದಲ ಮಾದರಿಗಳಿಗೆ, ಕೆಲವೇ ವರ್ಷ ನಡೆದು ಮುಚ್ಚಿಹೋದ ಸಣ್ಣ ಕಂಪನಿಗಳ ಯಂತ್ರಗಳಿಗೆ. ನಮ್ಮ ಮನೆಗಳಲ್ಲಿರುವ ಚಿನ್ನದ ಬಣ್ಣದ ಬಳ್ಳಿ, ಸ್ಫಿಂಕ್ಸ್ ಚಿತ್ರಗಳ ಕಪ್ಪು ಸಿಂಗರ್ ಆ ಸಾಲಿಗೆ ಸೇರುವುದಿಲ್ಲ. ಅಂತರ್ಜಾಲದಲ್ಲಿ ಯಾರೋ ಐದು ಲಕ್ಷ ಎಂದು ಹಾಕಿದ್ದನ್ನು ನೋಡಿ ಲೆಕ್ಕ ಹಾಕಬೇಡಿ. ಅದು ಅವರು ಕೇಳಿದ ಬೆಲೆ. ಆ ಬೆಲೆಗೆ ಮಾರಾಟವಾಯಿತೇ ಎಂಬುದು ಬೇರೆ ಪ್ರಶ್ನೆ.

ತಪ್ಪು ಕಲ್ಪನೆ: ಯಂತ್ರದ ಮೇಲೆ ಕೆತ್ತಿರುವ ಇಸವಿಯೇ ಅದು ತಯಾರಾದ ವರ್ಷ.

ಸತ್ಯ: ಬಾಬಿನ್ ಮುಚ್ಚುವ ತಗಡಿನ ಮೇಲೆ ಸಾಲಾಗಿ ತಾರೀಕುಗಳಿದ್ದರೆ ಅವು ಪೇಟೆಂಟಿನ ತಾರೀಕುಗಳು. ಪೇಟೆಂಟ್ ಸಿಕ್ಕಿ ವರ್ಷಗಳು ಕಳೆದ ಮೇಲೂ ಅದೇ ತಗಡನ್ನು ಹೊಸ ಯಂತ್ರಗಳಿಗೆ ಹಾಕುತ್ತಿದ್ದರು. ‘1851–1951’ ಎಂದು ಬರೆದ ಲಾಂಛನದ ಬಿಲ್ಲೆ ಇದ್ದರೆ ಅದು ಕಂಪನಿಯ ಶತಮಾನೋತ್ಸವದ ಗುರುತು. ಆ ಯಂತ್ರ 1851ರದ್ದಲ್ಲ, ನೂರು ವರ್ಷ ಈಚಿನದು. ಬಿಡಿಭಾಗಗಳ ಮೇಲೆ ‘ಸಿಮ್ಯಾಂಕೊ’ ಎಂಬ ಪದದ ಪಕ್ಕ ಕಾಣುವ ಅಂಕಿಯನ್ನು ಎಷ್ಟೋ ಜನ ಯಂತ್ರದ ನಂಬರ್ ಎಂದೇ ತಿಳಿಯುತ್ತಾರೆ. ಸಿಮ್ಯಾಂಕೊ ಎಂದರೆ ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಎಂಬುದರ ಹ್ರಸ್ವರೂಪ. ಪಕ್ಕದ ಅಂಕಿ ಆ ಬಿಡಿಭಾಗದ ನಂಬರ್ ಅಷ್ಟೇ.

ಬೇಕಾದದ್ದು ಸೀರಿಯಲ್ ನಂಬರ್. ಯಂತ್ರದ ಬಲಗಡೆ, ಕಂಬ ಬಂದು ತಳಕ್ಕೆ ಕೂಡುವ ಜಾಗದಲ್ಲಿ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಒತ್ತಿ ಮೂಡಿಸಿದ ಅಂಕಿಗಳು ಕಾಣುತ್ತವೆ. ಮುಂದೆ ಅಕ್ಷರವಿಲ್ಲದೆ ಬರೀ ಅಂಕಿಗಳಿದ್ದರೆ ಸಿಂಗರ್ ಯಂತ್ರ ಸಾಮಾನ್ಯವಾಗಿ 1900ಕ್ಕಿಂತ ಹಿಂದಿನದು. ಇಂಗ್ಲಿಷಿನ ಎಫ್ ಅಥವಾ ವೈ ಅಕ್ಷರವೊಂದೇ ಇದ್ದರೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕ್ಲೈಡ್‌ಬ್ಯಾಂಕ್‌ನಲ್ಲಿ ತಯಾರಾದದ್ದು. ಇ ಅಕ್ಷರದಿಂದ ಶುರುವಾಗುವ ಜೋಡಿ ಅಕ್ಷರಗಳು ಅದೇ ಕಾರ್ಖಾನೆಯಲ್ಲಿ 1930ರ ದಶಕದ ನಡುಭಾಗದಿಂದ ಬಂದವು. ಕಂಪನಿಯ ದಾಖಲೆಯಲ್ಲಿ ಸಿಗುವ ತಾರೀಕು ಕೂಡ ಒಂದು ಗುಂಪು ನಂಬರುಗಳನ್ನು ಕಾರ್ಖಾನೆಗೆ ಹಂಚಿದ ದಿನದ್ದು. ನಿಮ್ಮ ಯಂತ್ರ ಆ ದಿನವೇ ತಯಾರಾಯಿತೆಂದಲ್ಲ.

ಇನ್ನೂ ಒಂದು ಎಚ್ಚರ. ಸ್ಟ್ಯಾಂಡಿನ ವಯಸ್ಸೂ ಅದರ ಮೇಲೆ ಕೂತ ಹೊಲಿಯುವ ಭಾಗದ, ಅಂದರೆ ತಲೆಯ, ವಯಸ್ಸೂ ಒಂದೇ ಆಗಿರಬೇಕಿಲ್ಲ. ಎರಡು ತಿರುಪು ಸಡಿಲಿಸಿದರೆ ತಲೆ ಕಳಚಿ ಬರುತ್ತದೆ. ಹಳೆಯ ಸ್ಟ್ಯಾಂಡಿಗೆ ಹೊಸ ತಲೆ, ಒಂದು ಕಂಪನಿಯ ಸ್ಟ್ಯಾಂಡಿಗೆ ಇನ್ನೊಂದು ಕಂಪನಿಯ ತಲೆ ಕೂರಿಸುವುದು ಟೈಲರ್ ಅಂಗಡಿಗಳಲ್ಲಿ ಮಾಮೂಲಿ. ಸ್ಟ್ಯಾಂಡಿನಲ್ಲಿ ಎರಕ ಹೊಯ್ದ ಹೆಸರು ನೋಡಿ ಇಡೀ ಯಂತ್ರದ ಚರಿತ್ರೆ ಹೇಳಲಾಗದು.

ತಪ್ಪು ಕಲ್ಪನೆ: ಕಪ್ಪು ಬಣ್ಣದ ಕಬ್ಬಿಣದ ಯಂತ್ರವೆಂದರೆ ಬ್ರಿಟಿಷರ ಕಾಲದ್ದು.

ಸತ್ಯ: ಉಷಾ ಯಂತ್ರವನ್ನು ಕಲ್ಕತ್ತದ ಜೇ ಎಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ತಯಾರಿಸತೊಡಗಿತು. ಸ್ವಾತಂತ್ರ್ಯದ ನಂತರ ಪಂಜಾಬಿನ ಲುಧಿಯಾನ ಹೊಲಿಗೆ ಯಂತ್ರಗಳ ದೊಡ್ಡ ಕೇಂದ್ರವಾಯಿತು. ಸಿಂಗರ್‌ನ ಹಳೆಯ ವಿನ್ಯಾಸಗಳನ್ನೇ ಅನುಸರಿಸಿದ, ಅದೇ ಕಪ್ಪು ಬಣ್ಣ, ಅದೇ ಹೊಂಬಣ್ಣದ ಚಿತ್ತಾರದ ಯಂತ್ರಗಳು ಈಗಲೂ ಅಲ್ಲಿ ತಯಾರಾಗುತ್ತವೆ. ನೋಟಕ್ಕೆ ಹಳೆಯದಾಗಿ ಕಾಣುವ ಯಂತ್ರ 1980ರದ್ದೂ ಇರಬಹುದು. ಅದು ಕೀಳೆಂದು ಅರ್ಥವಲ್ಲ. ಆದರೆ ‘ಬ್ರಿಟಿಷರ ಕಾಲದ್ದು’ ಎಂದು ಹೆಚ್ಚಿನ ಹಣ ಕೇಳುವವರಿಗೆ ಮೊದಲು ನಂಬರ್ ತೋರಿಸಲು ಹೇಳಿ.

ತಪ್ಪು ಕಲ್ಪನೆ: ಚಕ್ರ ತಿರುಗದಿದ್ದರೆ ಯಂತ್ರ ಕೆಟ್ಟುಹೋಗಿದೆ.

ಸತ್ಯ: ಈ ಒಂದು ನಂಬಿಕೆಯಿಂದ ಗುಜರಿ ಸೇರಿದ ಒಳ್ಳೆಯ ಯಂತ್ರಗಳಿಗೆ ಲೆಕ್ಕವಿಲ್ಲ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಯಂತ್ರದಲ್ಲಿ ಹಳೆಯ ಎಣ್ಣೆ ಒಣಗಿ ಅಂಟಾಗಿರುತ್ತದೆ. ಭಾಗಗಳು ಮುರಿದಿರುವುದಿಲ್ಲ, ಒಂದಕ್ಕೊಂದು ಹಿಡಿದುಕೊಂಡಿರುತ್ತವೆ, ಅಷ್ಟೇ. ಮೊದಲು ಬೆಲ್ಟ್ ಕಳಚಿ. ಆಗ ಬಿಗಿತ ಇರುವುದು ತಲೆಯಲ್ಲೋ ಕೆಳಗಿನ ಪೆಡಲಿನಲ್ಲೋ ಎಂದು ಗೊತ್ತಾಗುತ್ತದೆ. ತಲೆಯನ್ನು ಹಿಂದಕ್ಕೆ ಮಗುಚಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಪ್ರತಿ ಜಾಗಕ್ಕೂ, ಮೇಲಿನ ಎಣ್ಣೆ ತೂತುಗಳಿಗೂ ಒಂದೊಂದು ಹನಿ ಸೀಮೆಎಣ್ಣೆ ಬಿಡಿ. ಅದು ಬಣ್ಣದ ಮೇಲೆ ಹರಿಯದಂತೆ ನೋಡಿಕೊಳ್ಳಿ. ಒಂದು ರಾತ್ರಿ ಬಿಟ್ಟು, ಮರುದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿ. ಬಲ ಹಾಕಬಾರದು. ಬಾಬಿನ್ ಕೂರುವ ಜಾಗವನ್ನೂ ಬಿಚ್ಚಿ ನೋಡಿ. ಅಲ್ಲಿ ಸುತ್ತಿಕೊಂಡ ತುಂಡು ದಾರವೊಂದೇ ಇಡೀ ಯಂತ್ರವನ್ನು ನಿಲ್ಲಿಸಿರುವುದುಂಟು. ಸಡಿಲವಾದ ಮೇಲೆ ಕಪ್ಪು ಕೊಳೆಯನ್ನೆಲ್ಲ ಒರೆಸಿ, ಹೊಲಿಗೆ ಯಂತ್ರದ ತಿಳಿಯೆಣ್ಣೆ ಹಾಕಲೇಬೇಕು. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆಯೇ ಹೊರತು ಸವೆತ ತಡೆಯುವುದಿಲ್ಲ.

ಚಕ್ರ ತಿರುಗುತ್ತದೆ, ಸೂಜಿ ಮಾತ್ರ ಮೇಲೆ ಕೆಳಗೆ ಹೋಗುವುದಿಲ್ಲ ಎಂಬ ದೂರಿಗೆ ಕಾರಣ ಇನ್ನೂ ಸರಳ. ಬಾಬಿನ್‌ಗೆ ದಾರ ಸುತ್ತುವಾಗ ಚಕ್ರದ ನಡುವಿನ ಗುಂಡನ್ನು ಸಡಿಲ ಮಾಡುತ್ತಾರೆ. ಯಾರೋ ಅದನ್ನು ಬಿಗಿ ಮಾಡಲು ಮರೆತಿರುತ್ತಾರೆ.

ನಿಜವಾಗಿ ಚಿಂತಿಸಬೇಕಾದದ್ದು ಬೇರೆ: ಆಳವಾಗಿ ಕೊರೆದ ತುಕ್ಕು, ಬಿರುಕು ಬಿಟ್ಟ ತಳ, ಬಾಬಿನ್ ಹಿಡಿದಿಡುವ ಶಟಲ್ ಕಳೆದುಹೋಗಿರುವುದು. ಬೀಡು ಕಬ್ಬಿಣ ಗಟ್ಟಿ, ಆದರೆ ಬಾಗುವ ಗುಣವಿಲ್ಲ. ಕೆಳಗೆ ಬಿದ್ದರೆ ಸೀಳುತ್ತದೆ, ಅದಕ್ಕೆ ವೆಲ್ಡಿಂಗ್ ಮಾಡುವುದೂ ಸುಲಭವಲ್ಲ. ಸಾಗಿಸುವಾಗ ತಲೆಯನ್ನು ಬಿಚ್ಚಿ ಬೇರೆಯಾಗಿ ಒಯ್ಯಬೇಕು ಎನ್ನುವುದು ಇದಕ್ಕೇ.

ತಪ್ಪು ಕಲ್ಪನೆ: ಕೊಬ್ಬರಿ ಎಣ್ಣೆ ಹಾಕಿ, ಸ್ಪಿರಿಟ್‌ನಿಂದ ಉಜ್ಜಿದರೆ ಹೊಸದರಂತಾಗುತ್ತದೆ.

ಸತ್ಯ: ಎರಡೂ ಹಾನಿ. ಅಡುಗೆ ಮನೆಯ ಎಣ್ಣೆಗಳು ಕಾಲಕ್ರಮದಲ್ಲಿ ಜಿಗುಟಾಗುತ್ತವೆ. ಯಂತ್ರ ಹಿಡಿದುಕೊಳ್ಳಲು ಅದೇ ಕಾರಣ. ಹೊರಗಿನ ಹೊಂಬಣ್ಣದ ಚಿತ್ತಾರದ ಮೇಲೆ ಅರಗಿನ ತೆಳುವಾದ ಪದರವಿರುತ್ತದೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಒಮ್ಮೆ ಬಲವಾಗಿ ಉಜ್ಜಿದರೆ ನೂರು ವರ್ಷ ಉಳಿದ ಚಿತ್ತಾರ ಬಟ್ಟೆಗೆ ಬಂದುಬಿಡುತ್ತದೆ. ಸೋಪಿನ ನೀರು, ಉಪ್ಪುಕಾಗದ ಕೂಡ ಬೇಡ. ಹೊಲಿಗೆ ಯಂತ್ರದ ಎಣ್ಣೆ ಮತ್ತು ಮೆತ್ತನೆಯ ಹತ್ತಿ ಬಟ್ಟೆ ಸಾಕು. ಹೊಸ ಕಪ್ಪು ಬಣ್ಣ ಬಳಿಸಿದರೆ ಯಂತ್ರದ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಕೊಳ್ಳುವವರಿಗೆ ಬೇಕಾದದ್ದು ಮೂಲದ ಚಿತ್ತಾರ.

ತಪ್ಪು ಕಲ್ಪನೆ: ಹಳೆಯ ಯಂತ್ರಕ್ಕೆ ಸೂಜಿ, ಬಾಬಿನ್ ಸಿಗುವುದಿಲ್ಲ.

ಸತ್ಯ: ಸಿಂಗರ್‌ನ 15, 27, 66ನೆಯ ಮಾದರಿಗಳಿಗೆ ಇಂದಿನ ಮನೆಬಳಕೆಯ ಯಂತ್ರಗಳ ಸೂಜಿಯೇ ಆಗುತ್ತದೆ. ಸೂಜಿಯ ಚಪ್ಪಟೆ ಬದಿ ಯಾವ ಕಡೆ ಇರಬೇಕೆಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಅದು ತಪ್ಪಿದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ, ದೋಷ ಮಾತ್ರ ಯಂತ್ರದ ತಲೆಗೆ ಬರುತ್ತದೆ. ಬಂದೂಕಿನ ಗುಂಡಿನಾಕಾರದ ಶಟಲ್ ಇರುವ 27ನೆಯ ಮಾದರಿಯ ಉದ್ದನೆಯ ಬಾಬಿನ್‌ಗಳನ್ನು ಈಗಲೂ ಹೊಸದಾಗಿ ತಯಾರಿಸುತ್ತಾರೆ. ಕಷ್ಟವಿರುವುದು 1860ರ ದಶಕದಲ್ಲಿ ಶುರುವಾದ 12ನೆಯ ಮಾದರಿಯಂಥವಕ್ಕೆ. ಅವುಗಳ ಸೂಜಿಯೇ ಬೇರೆ, ಅಂಗಡಿಯಲ್ಲಿ ಸುಲಭವಾಗಿ ಸಿಗದು.

ತಪ್ಪು ಕಲ್ಪನೆ: ಹಳೆಯ ಸಿಂಗರ್ ಯಂತ್ರದೊಳಗೆ ಕೋಟಿ ಬೆಲೆಯ ‘ಕೆಂಪು ಪಾದರಸ’ ಇದೆ.

ಸತ್ಯ: ಇಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಈ ವದಂತಿ ಕಾಳ್ಗಿಚ್ಚಿನಂತೆ ಹಬ್ಬಿತ್ತು. ಸೂಜಿಯ ಹತ್ತಿರ ಮೊಬೈಲ್ ಹಿಡಿದಾಗ ಕರೆ ತುಂಡಾದರೆ ಕೆಂಪು ಪಾದರಸ ಇದೆ ಎಂಬ ‘ಪರೀಕ್ಷೆ’ಯೂ ಹುಟ್ಟಿಕೊಂಡಿತು. ಹಳೆಯ ಯಂತ್ರಗಳಿಗೆ ಎರಡು ಲಕ್ಷ ರಿಯಾಲ್‌ವರೆಗೂ ಬೆಲೆ ಕೇಳಿದರೆಂದು ಪತ್ರಿಕೆಗಳು ವರದಿ ಮಾಡಿದವು. ಪೊಲೀಸರು ವದಂತಿಯ ಮೂಲ ಹುಡುಕಬೇಕಾಯಿತು.

ಯೋಚಿಸಿ ನೋಡಿ. ಸೂಜಿ ಉಕ್ಕಿನದು. ಒಳಗಿನ ಕಂಬಿ, ಹಲ್ಲು, ಸ್ಪ್ರಿಂಗುಗಳೂ ಲೋಹದವೇ. ಹೊಲಿಗೆ ಹಾಕುವ ಕೆಲಸದಲ್ಲಿ ಪಾದರಸಕ್ಕೆ ಜಾಗವೇ ಇಲ್ಲ, ಯಾವ ತಯಾರಕನೂ ಅದನ್ನು ತುಂಬಿದ್ದಿಲ್ಲ. ಕೆಂಪಾದ ಪಾದರಸದ ಸಂಯುಕ್ತಗಳೇನೋ ಇವೆ. ಪಾದರಸ ಮತ್ತು ಗಂಧಕ ಸೇರಿದ ಇಂಗಳೀಕ ಅವುಗಳಲ್ಲೊಂದು. ಆದರೆ ಮೋಸಗಾರರು ಹೇಳುವ ಪವಾಡದ ಗುಣಗಳ ‘ಕೆಂಪು ಪಾದರಸ’ ಎಂಬ ವಸ್ತು ಇರುವುದಕ್ಕೆ ಯಾವ ಪುರಾವೆಯೂ ಇಲ್ಲ. ಮುಂಗಡ ಕೊಡಿ, ಪರೀಕ್ಷೆಯ ಖರ್ಚು ಕೊಡಿ, ದೊಡ್ಡ ಖರೀದಿದಾರರನ್ನು ಕರೆತರುತ್ತೇವೆ ಎಂದು ಯಾರಾದರೂ ಬಂದರೆ ಒಂದು ಪೈಸೆಯೂ ಕೊಡಬೇಡಿ, ಪೊಲೀಸರಿಗೆ ತಿಳಿಸಿ.

ಹಾಗಾದರೆ ಬೆಲೆ ಎಲ್ಲಿದೆ?

ಮೂಲದ ಚಿತ್ತಾರ ಉಳಿದಿರುವ, ಶಟಲ್ ಮತ್ತು ಬಾಬಿನ್ ಸಮೇತ ಇರುವ, ತಲೆ ಮತ್ತು ಸ್ಟ್ಯಾಂಡ್ ಜೊತೆಗಿರುವ, ಹೊಲಿದು ತೋರಿಸಬಲ್ಲ ಯಂತ್ರಕ್ಕೆ ನ್ಯಾಯವಾದ ಬೆಲೆ ಸಿಗುತ್ತದೆ. ಅದು ಲಕ್ಷವಲ್ಲ, ಗುಜರಿಯ ತೂಕದ ಬೆಲೆಯೂ ಅಲ್ಲ. ಈಚೆಗೆ ಹೋಟೆಲು, ಮನೆಗಳ ಅಲಂಕಾರಕ್ಕೆಂದು ಸ್ಟ್ಯಾಂಡನ್ನು ಮಾತ್ರ ಕೊಂಡು, ಹಲಗೆ ಕೂರಿಸಿ ಮೇಜು ಮಾಡಿ, ತಲೆಯನ್ನು ಬಿಸಾಡುವವರಿದ್ದಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಬೇರ್ಪಟ್ಟ ಮೇಲೆ ಎರಡೂ ಅರ್ಧ ವಸ್ತುಗಳೇ.

ಯಂತ್ರಗಳ ವ್ಯಾಮೋಹವನ್ನು ಕಟುವಾಗಿ ಟೀಕಿಸಿದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಮನುಷ್ಯನ ಅಂಗಗಳನ್ನು ಜಡವಾಗಿಸದೆ ಅನಗತ್ಯ ಶ್ರಮವನ್ನು ತಪ್ಪಿಸುತ್ತದೆ ಎಂಬುದು ಅವರ ಮೆಚ್ಚುಗೆಯ ತಿರುಳು. ಕರೆಂಟ್ ಬೇಡದ, ತಿರುಪುಳಿ ಮತ್ತು ಎಣ್ಣೆಯಿಂದ ಮನೆಯಲ್ಲೇ ರಿಪೇರಿಯಾಗುವ ಈ ಯಂತ್ರಕ್ಕೆ ಆ ಮಾತು ಇಂದಿಗೂ ಸಲ್ಲುತ್ತದೆ. ಮಾರುವ ಮೊದಲು ನಂಬರ್ ಓದಿ, ಎಣ್ಣೆ ಹಾಕಿ, ಹೊಸ ಸೂಜಿ ಚುಚ್ಚಿ, ಒಂದು ತುಂಡು ಬಟ್ಟೆ ಹೊಲಿದು ನೋಡಿ. ಹೊಲಿಗೆ ಸರಿಯಾಗಿ ಬಿದ್ದರೆ ಮಾರುವ ಯೋಚನೆಯನ್ನೇ ಕೈಬಿಡಿ. ನಿಮಗೆ ಬೇಡವಾದರೆ ಹೊಲಿಗೆ ಕಲಿಯುತ್ತಿರುವ ಯಾರಿಗಾದರೂ ಕೊಡಿ. ಅವರ ದುಡಿಮೆಗೆ ಒದಗಿದಾಗಲೇ ಅದರ ಪೂರ್ತಿ ಬೆಲೆ ಸಂದಂತೆ.