ಮೂಳೆಯ ಕ್ಯಾನ್ಸರ್: ಬೆಳವಣಿಗೆಯ ಸಂಕೇತಕ್ಕೆ ತಡೆ

ಆಸ್ಟಿಯೋಸಾರ್ಕೋಮಾ ಹೆಚ್ಚಾಗಿ ಹದಿಹರೆಯದವರ ಮೊಣಕಾಲಿನ ಸುತ್ತ, ಮೂಳೆ ಭರದಿಂದ ಬೆಳೆಯುವ ಜಾಗದಲ್ಲೇ ಹುಟ್ಟುವ ಕ್ಯಾನ್ಸರ್. 1970ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ಜೊತೆಗೆ ಕೀಮೋಥೆರಪಿ ಬಂದ ಮೇಲೆ, ರೋಗ ಹರಡುವ ಮುನ್ನವೇ ಪತ್ತೆಯಾದವರಲ್ಲಿ ಸುಮಾರು ಮೂರನೇ ಎರಡು ಭಾಗ ಬದುಕುಳಿಯತೊಡಗಿದರು. ಆಮೇಲಿನ ದಶಕಗಳಲ್ಲಿ ಆ ಪ್ರಮಾಣ ಹೆಚ್ಚೇನೂ ಏರಿಲ್ಲ. ಎಳೆಯರ ಕಾಯಿಲೆಯಲ್ಲಿ ಈ ನಿಲುಗಡೆಯನ್ನು ಒಪ್ಪಿಕೊಂಡು ಕೂರುವಂತಿಲ್ಲ. ಆದ್ದರಿಂದಲೇ ಕೋಶಕ್ಕೆ ‘ಬೆಳೆ, ರಕ್ತನಾಳ ಕಟ್ಟಿಕೋ’ ಎಂಬ ಸಂಕೇತ ಸಾಗಿಸುವ ಕೈನೇಸ್ ಪ್ರೋಟೀನುಗಳನ್ನು ತಡೆಯುವ ಚಿಕಿತ್ಸೆ ಮುಖ್ಯವೆನಿಸುತ್ತದೆ.

ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ ರೋಗಕ್ಕೆ ಮೂಲವಾದ ಒಂದು ಕೈನೇಸನ್ನು ತಡೆಯುವ ಇಮಾಟಿನಿಬ್ ಮಾತ್ರೆ ರೋಗಿಗಳ ಹಣೆಬರಹವನ್ನೇ ಬದಲಿಸಿತು. ಇಲ್ಲಿ ಅಷ್ಟು ಸುಲಭವಿಲ್ಲ. ಆಸ್ಟಿಯೋಸಾರ್ಕೋಮಾದ ಕ್ರೋಮೋಸೋಮುಗಳು ಚೂರುಚೂರಾಗಿ ಅಡ್ಡಾದಿಡ್ಡಿ ಕೂಡಿಕೊಂಡಿರುತ್ತವೆ. ಎಲ್ಲ ರೋಗಿಗಳಲ್ಲೂ ಕಾಣುವ ಒಂದೇ ಗುರಿ ಇಲ್ಲ. ಊರಿಗೆ ಬರುವ ಒಂದು ರಸ್ತೆ ಮುಚ್ಚಿದರೆ ವಾಹನಗಳು ಇನ್ನೊಂದರಲ್ಲಿ ನುಗ್ಗುವಂತೆ, ಒಂದು ಮಾರ್ಗ ತಡೆದರೆ ಸಂಕೇತ ಮತ್ತೊಂದನ್ನು ಹಿಡಿಯುತ್ತದೆ. ಹಾಗಾಗಿ ಹಲವು ಕೈನೇಸ್‌ಗಳನ್ನು ಒಟ್ಟಿಗೆ ತಡೆಯುವ ರೆಗೊರಾಫೆನಿಬ್ ಪ್ರಯೋಗಕ್ಕೆ ಬಂತು. 2019ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ, ಕೀಮೋ ಮುಗಿಸಿಯೂ ರೋಗ ಹರಡಿದ್ದ 26 ಮಂದಿಗೆ ಈ ಮಾತ್ರೆ ಕೊಟ್ಟರು. ಎಂಟು ವಾರಗಳ ಬಳಿಕ 17 ಮಂದಿಯಲ್ಲಿ ರೋಗ ಮುಂದುವರಿದಿರಲಿಲ್ಲ. ಔಷಧವಿಲ್ಲದ ಮಾತ್ರೆ ಪಡೆದ 12 ಮಂದಿಯಲ್ಲಿ ಹಾಗೆ ಉಳಿದವರು ಒಬ್ಬರೂ ಇಲ್ಲ. ದೊರೆತದ್ದು ಕೆಲವೇ ತಿಂಗಳು, ಗಡ್ಡೆ ಕರಗಿದ್ದೂ ಅಪರೂಪ, ಜೊತೆಗೆ ಅಧಿಕ ರಕ್ತದೊತ್ತಡ, ಅಂಗೈ ಅಂಗಾಲಿನ ಚರ್ಮದ ನೋವು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಇದು ಕೀಮೋ ಸೋತ ಮೇಲಿನ ಫಲ. ಸಂಕೇತ ತಡೆದರೆ ಈ ರೋಗವನ್ನೂ ಕೆಲಕಾಲ ತಡೆಹಿಡಿಯಬಹುದು ಎಂಬುದು ಕಂಡುಬಂತು. ಈಗ ಇಂಥ ಮಾತ್ರೆಗಳನ್ನು ಮೊದಲ ಹಂತದ ಕೀಮೋ ಜೊತೆಗೇ ಪರೀಕ್ಷಿಸುತ್ತಿರುವುದು ಸರಿಯಾದ ದಾರಿ.