435ನೇ ದೂರು ಎಲ್ಲಿರಬೇಕು?

2014ರ ಡಿಸೆಂಬರ್ ಕೊನೆಯಲ್ಲಿ ಭಾರತದ ಇಂಟರ್ನೆಟ್ ಕಂಪನಿಗಳು 32 ವೆಬ್ ವಿಳಾಸಗಳಿಗೆ ತಡೆ ಹಾಕಿದವು. ಐಸಿಸ್ ಪ್ರಚಾರಕ್ಕೆ ಕಡಿವಾಣ ಹಾಕಬೇಕೆಂದು ಭಯೋತ್ಪಾದನಾ ನಿಗ್ರಹ ದಳ ಕೊಟ್ಟ ಸಲಹೆಯ ಮೇಲೆ ಸರ್ಕಾರ ಹೊರಡಿಸಿದ ಆದೇಶ ಅದು. ಪಟ್ಟಿಯಲ್ಲಿ ವಿಡಿಯೋ ತಾಣ ವಿಮಿಯೋ ಇತ್ತು, ಹಳೆಯ ಪುಸ್ತಕಗಳ ಭಂಡಾರವಾದ ಇಂಟರ್ನೆಟ್ ಆರ್ಕೈವ್ ಇತ್ತು. ಜಗತ್ತಿನ ಮುಕ್ತ ತಂತ್ರಾಂಶಗಳಲ್ಲಿ ದೊಡ್ಡ ಪಾಲು ನೆಲೆಸಿರುವ ಗಿಟ್‌ಹಬ್ ಕೂಡ ಇತ್ತು. ಗಿಟ್‌ಹಬ್ ಮೇಲಿನ ತಡೆ ಕೆಲವೇ ದಿನಗಳಲ್ಲಿ ತೆರವಾಯಿತು.

ನವಿ ಮುಂಬಯಿಯ ವಾಶಿಯಲ್ಲಿ ರೈಲು ನಿಲ್ದಾಣದ ಮೇಲೆಯೇ ಇನ್ಫೊಟೆಕ್ ಪಾರ್ಕ್ ಇದೆ. ಮಹಾಪೆ, ಐರೋಳಿಯ ತನಕ ಸಾಫ್ಟ್‌ವೇರ್ ಕಚೇರಿಗಳು ಹಬ್ಬಿವೆ. ಇಂಥ ಊರಿನಲ್ಲಿ ಕೆಲವು ದಿನಗಳ ತಡೆಯೂ ಸಣ್ಣ ಸಂಗತಿಯಲ್ಲ. ಆದರೂ ಕೋಡ್ ಯಾರ ಕೈಯೂ ತಪ್ಪಲಿಲ್ಲ. ಕಾರಣ, ಗಿಟ್‌ಹಬ್‌ಗೆ ಆಧಾರವಾದ, 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರೂಪಿಸಿದ ಗಿಟ್‌ನಲ್ಲಿ ಪ್ರತಿಯೊಬ್ಬರ ಲ್ಯಾಪ್‌ಟಾಪ್‌ನಲ್ಲೂ ಕೋಡ್‌ನ ಪೂರ್ತಿ ಚರಿತ್ರೆ ಇರುತ್ತದೆ. ಸರ್ವರ್ ಸಿಗದಿದ್ದರೂ ಕೆಲಸ ನಡೆಯುತ್ತದೆ. ಸಿಗದೆ ಹೋದದ್ದು ಇಶ್ಯೂ ಟ್ರ್ಯಾಕರ್. ಅದು ಗಿಟ್‌ನ ಒಳಗಿಲ್ಲ, ಗಿಟ್‌ಹಬ್ ಕಂಪನಿಯ ಸರ್ವರ್‌ನಲ್ಲಿದೆ.

ತಂತ್ರಾಂಶದಲ್ಲಿ ಕಂಡ ದೋಷ, ಬೇಕಾದ ಸೌಲಭ್ಯ, ಅದರ ಬಗ್ಗೆ ನಡೆದ ಚರ್ಚೆ, ಕೊನೆಗೆ ಆದ ತೀರ್ಮಾನ ಎಲ್ಲವೂ ದಾಖಲಾಗುವ ಜಾಗ ಇಶ್ಯೂ ಟ್ರ್ಯಾಕರ್. ಒಂದೊಂದು ದೂರಿಗೂ ಒಂದೊಂದು ಸಂಖ್ಯೆ. ಆಸ್ಪತ್ರೆಯ ಕೇಸ್ ಪೇಪರ್‌ನಂತೆ ಡಾಕ್ಟರ್ ಬದಲಾದರೂ ಹಿಂದಿನ ಕಥೆಯೆಲ್ಲ ಅಲ್ಲೇ ಸಿಗಬೇಕು.

ಆ ಹಿಂದಿನ ಕಥೆಯ ಬೆಲೆ ಎಷ್ಟೆಂಬುದನ್ನು ಕನ್ನಡದ್ದೇ ಒಂದು ಉದಾಹರಣೆ ತೋರಿಸುತ್ತದೆ. ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರಗಳನ್ನು ಜೋಡಿಸಿ ಒತ್ತಕ್ಷರದ ರೂಪ ಕೊಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ರ, ಹಲಂತ ಚಿಹ್ನೆ, ಯ ಈ ಮೂರನ್ನು ಸಾಲಾಗಿ ಕೊಟ್ಟರೆ ‘ಸೂರ್ಯ’ದಲ್ಲಿರುವಂತೆ ಅರ್ಕಾವತ್ತು ಮೂಡುತ್ತದೆ. ‘ರ‍್ಯಾಂಕ್’ ಎಂದು ಬರೆಯಲು ರಕಾರ ಹಾಗೆಯೇ ನಿಂತು ಯಕಾರ ಒತ್ತಾಗಬೇಕು. ಅದಕ್ಕಾಗಿ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆ ಸಂಕೇತ ಇಡಬೇಕು. ಯೂನಿಕೋಡ್ ಪ್ರಕಾರ ಆ ಸಂಕೇತ ಹಲಂತಕ್ಕೆ ಮೊದಲು ಬರಬೇಕು. ಆದರೆ ಹಲಂತದ ನಂತರ ಅದನ್ನಿಟ್ಟ ಹಳೆಯ ಬರಹಗಳೂ ಇವೆ. ಅಂಥ ಪಠ್ಯ ಕಂಡಾಗ ಹಾರ್ಫ್‌ಬಜ್ ಆ ಎರಡನ್ನೂ ಅದಲುಬದಲು ಮಾಡಿಕೊಳ್ಳುತ್ತದೆ. ಓದುಗರಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಈ ಅದಲುಬದಲು ಕನ್ನಡ ಲಿಪಿಗೆ ಮಾತ್ರ ಅನ್ವಯಿಸುತ್ತದೆ. ಕೋಡ್‌ನಲ್ಲಿ ಅದಕ್ಕೆ ಬೇಕಾದದ್ದು ಕೆಲವೇ ಸಾಲು. ಅದರ ಮೇಲೆ ಒಂದು ಟಿಪ್ಪಣಿ ಇದೆ: ನಿಯಮ ಏನು ಎಂಬುದರ ಚುಟುಕು ವಿವರಣೆ ಮತ್ತು ಗಿಟ್‌ಹಬ್‌ನಲ್ಲಿರುವ 435ನೇ ದೂರಿನ ವಿಳಾಸ. ಹತ್ತು ವರ್ಷಗಳ ನಂತರ ಕನ್ನಡ ಬಾರದ ಪ್ರೋಗ್ರಾಮರ್ ಒಬ್ಬರು ಈ ಸಾಲುಗಳು ಅನಗತ್ಯವೆಂದು ಅಳಿಸಲು ಹೊರಟರೆ, ಅವರನ್ನು ತಡೆದು ಕಾರಣ ಹೇಳಬೇಕಾದದ್ದು ಆ ದೂರು.

ಟ್ರ್ಯಾಕರ್ ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ದೂರು ಕೊಡುವವರು ಯಾರು? 1994ರ ಸುಮಾರಿಗೆ ಇಯಾನ್ ಜ್ಯಾಕ್ಸನ್ ಮುಕ್ತ ಆಪರೇಟಿಂಗ್ ಸಿಸ್ಟಮ್ ಡೆಬಿಯನ್‌ಗಾಗಿ ರೂಪಿಸಿದ ವ್ಯವಸ್ಥೆಗೆ ಇಂದಿಗೂ ಇಮೇಲ್ ಕಳಿಸಿದರೆ ಸಾಕು, ಖಾತೆ ತೆರೆಯಬೇಕಿಲ್ಲ. 1998ರಲ್ಲಿ ನೆಟ್‌ಸ್ಕೇಪ್‌ನ ಟೆರಿ ವೈಸ್‌ಮನ್ ಬರೆದ ಬಗ್‌ಜಿಲ್ಲಾ ಇನ್ನೊಂದು ದಾರಿ ಹಿಡಿಯಿತು. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್, ದೋಷ ಎಷ್ಟು ಗಂಭೀರ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ತುಂಬಬೇಕು. ಸಾವಿರಾರು ದೂರುಗಳನ್ನು ವಿಂಗಡಿಸಲು ಇದು ಬಹಳ ಅನುಕೂಲ. ಲಿಬ್ರೆಆಫೀಸ್ ಅದನ್ನೇ ಬಳಸುತ್ತದೆ. 2008ರಲ್ಲಿ ಶುರುವಾದ ಗಿಟ್‌ಹಬ್ ಒಂದು ಶೀರ್ಷಿಕೆ, ಒಂದು ವಿವರಣೆ ಇಷ್ಟಕ್ಕೇ ಸರಳಗೊಳಿಸಿತು. ಹೊಸಬರ ಹಿಂಜರಿಕೆ ತಗ್ಗಿತು, ಅರೆಬರೆ ದೂರುಗಳು ಹೆಚ್ಚಿದವು. ಹಾಗಾಗಿ ಮುಂಬಯಿಯಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್‌ನಂಥ ಯೋಜನೆಗಳು ಗಿಟ್‌ಹಬ್‌ನೊಳಗೇ ಒಂದು ಫಾರ್ಮ್ ಇಟ್ಟು ಆವೃತ್ತಿಯಂಥ ವಿವರಗಳನ್ನು ಕೇಳುತ್ತವೆ.

ವಾಶಿಯಿಂದ ಹಾರ್ಬರ್ ಲೈನಿನಲ್ಲಿ ಖಾಡಿ ದಾಟಿದರೆ ಮುಂದಿನ ನಿಲ್ದಾಣ ಮಾನ್‌ಖುರ್ದ್. ಅಲ್ಲಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ನಾಲೆಜ್ ಲ್ಯಾಬ್ ಜಿಸ್ಟುಡಿಯೋ ಎಂಬ ಕಲಿಕಾ ವೇದಿಕೆಯನ್ನು ಕಟ್ಟಿತು. ಅದರ ಕೋಡ್ ಗಿಟ್‌ಹಬ್‌ನಲ್ಲಿದೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಲಿಕ್ಸ್ ಯೋಜನೆಯಲ್ಲಿ ಈ ವೇದಿಕೆಯನ್ನು ರಾಜಸ್ಥಾನ, ಮಿಜೋರಾಂನಂಥ ರಾಜ್ಯಗಳ ಸರ್ಕಾರಿ ಶಾಲೆಗಳಿಗೆ ಒಯ್ದರು. ಇಂಟರ್ನೆಟ್ ಇಲ್ಲದ ಕಡೆಯೂ ಶಾಲೆಯೊಳಗಿನ ಸರ್ವರ್‌ನಿಂದಲೇ ಪಾಠ ತೆರೆದುಕೊಳ್ಳಬೇಕಿತ್ತು. ಇಂಥ ಶಾಲೆಯ ಶಿಕ್ಷಕಿಗೆ ದೋಷ ಕಂಡರೆ ಅವರು ಗಿಟ್‌ಹಬ್ ಖಾತೆ ತೆರೆದು ಇಂಗ್ಲಿಷಿನಲ್ಲಿ ಬರೆಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಫೋನಿನಲ್ಲಿ ಕೇಳಿಸಿಕೊಂಡು, ಅವರ ಮಾತಿನಲ್ಲೇ ದಾಖಲಿಸಿ, ಸಂಖ್ಯೆಯನ್ನು ಮರಳಿ ತಿಳಿಸುವ ಒಬ್ಬ ಕಾರ್ಯಕರ್ತರು ಬೇಕು. ಟ್ರ್ಯಾಕರ್ ಆಯ್ಕೆಯ ಹೊತ್ತಿಗೇ ಆ ವ್ಯಕ್ತಿಯನ್ನೂ ಗೊತ್ತುಮಾಡಬೇಕು. ಪಾಸ್‌ವರ್ಡ್ ಸೋರಿಕೆಯಂಥ ಸುರಕ್ಷತಾ ದೋಷ ಸರಿಯಾಗುವ ತನಕ ಬಹಿರಂಗವಾಗದಂತೆ ಗುಟ್ಟಾಗಿ ತಿಳಿಸುವ ದಾರಿಯೂ ಇರಬೇಕು.

ಎರಡನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ: ಈ ಜಾಗ ಬಿಡಬೇಕಾಗಿ ಬಂದರೆ ದೂರುಗಳನ್ನು ಹೊತ್ತೊಯ್ಯಬಹುದೇ? 2006ರಲ್ಲಿ ಆರಂಭವಾದ ಗೂಗಲ್ ಕೋಡ್ ಅಸಂಖ್ಯ ಯೋಜನೆಗಳಿಗೆ ಉಚಿತ ನೆಲೆಯಾಗಿತ್ತು. 2015ರ ಮಾರ್ಚ್‌ನಲ್ಲಿ ಮುಚ್ಚುವ ಪ್ರಕಟಣೆ ಬಂತು, 2016ರ ಜನವರಿಗೆ ಬಾಗಿಲು ಹಾಕಿತು. 2019ರಲ್ಲಿ ಅಮೆರಿಕದ ನಿರ್ಬಂಧಗಳ ಕಾರಣಕ್ಕೆ ಇರಾನ್, ಸಿರಿಯಾ, ಕ್ರಿಮಿಯಾದ ಡೆವಲಪರ್‌ಗಳ ಗಿಟ್‌ಹಬ್ ಖಾತೆಗಳಿಗೆ ಮಿತಿ ಬಿತ್ತು. ನಿರ್ಧಾರ ಎಲ್ಲೋ ಆಗುತ್ತದೆ, ಅದರ ಪರಿಣಾಮ ಯೋಜನೆಯ ನೆನಪಿನ ಮೇಲೆ ಬೀಳುತ್ತದೆ.

ಹಾಗಾದರೆ ಸ್ವಂತ ಸರ್ವರ್? ಗ್ನೋಮ್ ಯೋಜನೆ 2018ರಲ್ಲಿ ಬಗ್‌ಜಿಲ್ಲಾ ಬಿಟ್ಟು, ಗಿಟ್‌ಹಬ್‌ನಂಥದ್ದೇ ಆದರೂ ತಾನೇ ನಡೆಸುವ ಗಿಟ್‌ಲ್ಯಾಬ್‌ಗೆ ಹೋಯಿತು. ಅದರ ಬೆನ್ನಿಗೆ ಒಂದು ಪ್ರತಿಷ್ಠಾನವೇ ಇದೆ. ವಾಶಿಯ ನಾಲ್ಕು ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡ ಅದೇ ಹಾದಿ ಹಿಡಿದರೆ, ಸುರಕ್ಷತಾ ಪರಿಷ್ಕರಣೆ, ಬ್ಯಾಕಪ್, ಸ್ಪ್ಯಾಮ್ ಹಾವಳಿ ಎಲ್ಲವೂ ಅವರ ತಲೆಯ ಮೇಲೆ. ಡಿಗ್ರಿ ಮುಗಿದು ನಾಲ್ವರೂ ನಾಲ್ಕು ದಿಕ್ಕಿಗೆ ಹೊರಟ ಮೇಲೆ ಸರ್ವರ್‌ನ ಬಾಡಿಗೆ ಕಟ್ಟುವವರಿರುವುದಿಲ್ಲ. ನಡುದಾರಿಯೊಂದು ಫಾಸಿಲ್. ಎಸ್‌ಕ್ಯೂಲೈಟ್ ಡೇಟಾಬೇಸ್ ರೂಪಿಸಿದ ರಿಚರ್ಡ್ ಹಿಪ್ ಅವರ ಈ ವ್ಯವಸ್ಥೆಯಲ್ಲಿ ಕೋಡ್‌ನ ಜೊತೆಗೇ ದೂರುಗಳೂ ಎಲ್ಲರ ಕಂಪ್ಯೂಟರ್‌ಗೆ ಇಳಿಯುತ್ತವೆ. ಆದರೆ ಅದನ್ನು ಬಲ್ಲವರು ಕಡಿಮೆ. ಹೊಸಬರನ್ನು ಸೆಳೆಯುವುದು ಕಷ್ಟ.

ಆದ್ದರಿಂದ ಸಣ್ಣ ಯೋಜನೆಗೆ ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ನ ಉಚಿತ ಸೇವೆಯೇ ಸರಿಯಾದ ಆರಂಭ, ಮೂರು ಕಟ್ಟುಪಾಡುಗಳೊಂದಿಗೆ. ಖಾತೆ ಇಲ್ಲದವರಿಗೆ ಒಂದು ಇಮೇಲ್ ವಿಳಾಸ ಕೊಡಬೇಕು. ಕೋಡ್ ತಿದ್ದಿದಾಗ ಬರೀ ದೂರಿನ ಸಂಖ್ಯೆಯನ್ನಲ್ಲ, ಹಾರ್ಫ್‌ಬಜ್‌ನವರಂತೆ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಬೇಕು. ತಿಂಗಳಿಗೊಮ್ಮೆ ಎಲ್ಲ ದೂರುಗಳನ್ನೂ ಇಳಿಸಿಕೊಂಡು ಬೇರೆಡೆ ಇಡಬೇಕು. ಎರಡೂ ಸೇವೆಗಳು ಇದಕ್ಕೆ ದಾರಿ ಕೊಟ್ಟಿವೆ. ಇಳಿಸಿಕೊಂಡದ್ದನ್ನು ಒಮ್ಮೆ ಬೇರೊಂದು ಟ್ರ್ಯಾಕರ್‌ಗೆ ತುಂಬಿ, ಹಳೆಯ ಸಂಖ್ಯೆಗಳಿಂದ ದೂರುಗಳು ಸಿಗುತ್ತವೆಯೇ ಎಂದು ಪರೀಕ್ಷಿಸುವುದು ಇನ್ನೂ ಒಳ್ಳೆಯದು. ಪೈಥಾನ್ ಭಾಷೆಯ ತಂಡ ತನ್ನ ದೂರುಗಳನ್ನು ಗಿಟ್‌ಹಬ್‌ಗೆ ಸಾಗಿಸುವ ತೀರ್ಮಾನವನ್ನು 2019ರಲ್ಲಿ ಮಾಡಿತು. ಸ್ಥಳಾಂತರ ಮುಗಿದದ್ದು 2022ರ ಏಪ್ರಿಲ್‌ನಲ್ಲಿ. ದೂರುಗಳಿಗೆ ಹೊಸ ಸಂಖ್ಯೆಗಳು ಬಂದವು, ಹಳೆಯ ಸಂಖ್ಯೆ ಹಿಡಿದು ಬಂದವರಿಗೆ ದಾರಿ ತೋರಿಸಲು ಹಳೆಯ ತಾಣವನ್ನು ಓದಲಷ್ಟೇ ತೆರೆದಿಟ್ಟರು. ಐವತ್ತು ದೂರುಗಳಿರುವ ಯೋಜನೆಯಲ್ಲಿ ಈ ಪರೀಕ್ಷೆಯನ್ನು ಒಂದು ಭಾನುವಾರದಲ್ಲಿ ಮಾಡಿ ಮುಗಿಸಬಹುದು.