ನೆನೆಹಾಕುವಿಕೆಯಿಂದ ರುಚಿಯು ವರ್ಧಿಸುವುದೇ?

ಕಲಸಿದ ರಸವನ್ನು ಕೂಡಲೆ ಉಪಯೋಗಿಸದೆ ಕೆಲವು ದಿನ ಮುಚ್ಚಿಟ್ಟರೆ ಅದರ ರುಚಿಯು ಹೆಚ್ಚುವುದೆಂಬ ನಂಬಿಕೆಯು ಬಹು ಪುರಾತನವಾದುದು. ಉಪ್ಪಿನಕಾಯಿಯ ಭರಣಿಯ ಬಾಯಿಗೆ ಬಟ್ಟೆ ಕಟ್ಟುವ ಗೃಹಿಣಿಯೂ, ಅರಿಷ್ಟದ ಮಡಕೆಯ ಸಂದಿಗೆ ಮಣ್ಣು ಮೆತ್ತುವ ವೈದ್ಯನೂ ಈ ನಂಬಿಕೆಯನ್ನೇ ಅನುಸರಿಸುವರು. ಈಚಿನ ವರ್ಷಗಳಲ್ಲಿ ವಿದ್ಯುತ್ ಸಿಗರೇಟಿನ ರಸವನ್ನು ಮನೆಯಲ್ಲಿಯೇ ಕಲಸಿಕೊಳ್ಳುವ ಪರದೇಶದ ಜನರಲ್ಲಿಯೂ ಇದೇ ಮಾತು ಕೇಳಿಬರುತ್ತದೆ. ರಸವನ್ನು ಕತ್ತಲೆಯಲ್ಲಿ ಕೆಲವು ವಾರ ಇರಿಸಿದ ಹೊರತು ಅದರ ಪರಿಮಳವು ಕೂಡಿಬಾರದೆಂದು ಅವರಲ್ಲಿ ಅನೇಕರ ಮತ. ಈ ನಂಬಿಕೆಗೆ ಆಧಾರವೇನು, ಅದು ಎಲ್ಲ ರಸಗಳಿಗೂ ಸಮನಾಗಿ ಸಲ್ಲುವುದೇ, ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ. ಇದಕ್ಕೆ ಮನೆಯ ಭರಣಿಯನ್ನೇ ಮೊದಲು ತೆಗೆದುಕೊಳ್ಳುವುದು ಯುಕ್ತ. ಅದರೊಳಗಣ ವ್ಯಾಪಾರವು ಎಲ್ಲರ ಅನುಭವಕ್ಕೂ ಎಟಕುವಂಥದು.

ಮೊದಲು ಶಬ್ದಗಳ ವಿಚಾರ. ಈ ಕ್ರಿಯೆಗೆ ಕನ್ನಡದಲ್ಲಿ ‘ನೆನೆ’ ಎಂದೂ ‘ಊಱು’ ಎಂದೂ ಎರಡು ಧಾತುಗಳುಂಟು. ‘ನೆನೆ’ ಎಂಬುದಕ್ಕೆ ತೊಯ್ಯು ಎಂದೂ ಸ್ಮರಿಸು ಎಂದೂ ಅರ್ಥವಿರುವುದರಿಂದ ಒಂದೇ ಧಾತುವಿನಿಂದ ಎರಡರ್ಥಗಳೂ ಹುಟ್ಟಿದುವೆಂದು ಭ್ರಮೆಯಾಗುವುದು ಸಹಜ. ಆದರೆ ತಮಿಳಿನಲ್ಲಿ ತೊಯ್ಯುವುದಕ್ಕೆ ‘ನನೈ’ ಎಂದೂ ಸ್ಮರಿಸುವುದಕ್ಕೆ ‘ನಿನೈ’ ಎಂದೂ ಭಿನ್ನರೂಪಗಳಿರುವುದನ್ನೂ, ಕನ್ನಡದಲ್ಲಿಯೇ ತೊಯ್ಯುವ ಅರ್ಥದಲ್ಲಿ ‘ನನೆ’ ಎಂಬ ರೂಪವಿರುವುದನ್ನೂ ನೋಡಿದರೆ ಇವೆರಡೂ ಬೇರೆ ಬೇರೆ ಧಾತುಗಳೆಂದೂ ಕಾಲಕ್ರಮದಲ್ಲಿ ಒಂದೇ ಉಚ್ಚಾರಣೆಗೆ ಬಂದುವೆಂದೂ ಸ್ಪಷ್ಟವಾಗುತ್ತದೆ. ಇನ್ನು ‘ಊಱು’ ಎಂಬುದು ಶಕಟರೇಫವುಳ್ಳ ಧಾತು. ಗ್ರಾಮವಾಚಕವಾದ ‘ಊರು’ ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಸರು ಎಂದೂ, ದ್ರವದಲ್ಲಿ ನೆನೆದು ಹದವಾಗು ಎಂದೂ ಇದಕ್ಕೆ ಅರ್ಥ. ಹೊರಕ್ಕೆ ಬರುವುದಕ್ಕೂ ಒಳಕ್ಕೆ ಇಳಿಯುವುದಕ್ಕೂ ಒಂದೇ ಧಾತು ಸಲ್ಲುವುದು ಗಮನಾರ್ಹವಾದುದು. ತಮಿಳರು ಇದರಿಂದಲೇ ‘ಊಱುಕಾಯ್’ ಎಂಬ ಹೆಸರನ್ನು ಮಾಡಿಕೊಂಡರು. ಕನ್ನಡಿಗರಾದರೋ ‘ಉಪ್ಪಿನಕಾಯಿ’ ಎಂದರು. ಒಂದು ಹೆಸರು ಕ್ರಿಯೆಯನ್ನು ಹೇಳುತ್ತದೆ; ಮತ್ತೊಂದು ಆ ಕ್ರಿಯೆಯನ್ನು ಮಾಡಿಸುವ ದ್ರವ್ಯವನ್ನು ಹೇಳುತ್ತದೆ. ಕಾಲವನ್ನು ಹೇಳುವ ಹೆಸರು ಎರಡರಲ್ಲಿಯೂ ಇಲ್ಲ.

ಹತ್ತಿಮತ್ತೂರು ಸವಣೂರು ತಾಲ್ಲೂಕಿನ ಪ್ರಾಚೀನ ಗ್ರಾಮ. ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲಕ್ಕೆ ಸಂಬಂಧಿಸಿದ ಇಲ್ಲಿಯ ಶಾಸನವನ್ನು ಫ್ಲೀಟರು ಪ್ರಕಟಿಸಿರುವುದು ಶಾಸನಾಭ್ಯಾಸಿಗಳಿಗೆ ತಿಳಿದ ವಿಷಯ. 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಸೀಮೆಯು ಆ ವರ್ಷದಿಂದ ಹಾವೇರಿ ಜಿಲ್ಲೆಗೆ ಸೇರಿರುತ್ತದೆ. ಪಶ್ಚಿಮದಲ್ಲಿ ಮಾವಿನ ತೋಪುಗಳ ಹಾನಗಲ್ಲು, ದಕ್ಷಿಣದಲ್ಲಿ ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿ. ಇವೆರಡಕ್ಕೂ ಸಮೀಪವಾದ ನಾಡಿನಲ್ಲಿ ಭರಣಿಯು ತುಂಬುವುದಕ್ಕೆ ಬೇಕಾದ ಮುಖ್ಯ ಸಾಮಗ್ರಿಗೆ ದೂರ ಹೋಗಬೇಕಾಗಿಲ್ಲ. ಮಾವಿನ ಮಿಡಿಯು ದೊರೆಯುವುದು ವರ್ಷದಲ್ಲಿ ಕೆಲವೇ ವಾರ, ಉಣ್ಣಬೇಕಾದುದು ವರ್ಷವೆಲ್ಲ. ಭರಣಿಯು ಕೆಟ್ಟರೆ ಆ ವರ್ಷಕ್ಕೆ ಮತ್ತೊಂದಿಲ್ಲ. ಆದಕಾರಣ ಎಷ್ಟು ದಿನ ಊರಿಸಬೇಕೆಂಬ ಪ್ರಶ್ನೆಯು ಇಲ್ಲಿ ನಾಲಗೆಯ ವಿಲಾಸಕ್ಕೆ ಮಾತ್ರ ಸೇರಿದುದಲ್ಲ.

ಗೊರಟೆ ಬಲಿಯದ ಮಿಡಿಯನ್ನು ಒಂದು ಪದರ ಹಾಸಿ, ಅದರ ಮೇಲೆ ಉಪ್ಪನ್ನು ಒಂದು ಪದರ ಹರಡಿ, ಹೀಗೆಯೇ ಭರಣಿಯನ್ನು ತುಂಬಿ ಭಾರವನ್ನಿಡುವರು. ನೀರನ್ನು ಹಾಕದಿದ್ದರೂ ಕೆಲವು ದಿನಗಳಲ್ಲಿ ಭರಣಿಯು ನೀರಾಗುತ್ತದೆ, ಮಿಡಿಯು ಸುಕ್ಕುಗಟ್ಟುತ್ತದೆ. ಕಾರಣವೇನೆಂದರೆ, ಜೀವಕೋಶದ ಪೊರೆಯ ಹೊರಗೆ ಉಪ್ಪು ಸಾಂದ್ರವಾಗಿರುವಾಗ ಒಳಗಣ ನೀರು ಆ ಕಡೆಗೆ ಹರಿಯುವುದು. ಅನಂತರ ಉಪ್ಪು ಕ್ರಮೇಣ ಒಳಕ್ಕೆ ಸೇರುವುದು. ಹೀಗೆ ‘ಊಱು’ ಧಾತುವಿನ ಎರಡರ್ಥಗಳೂ ಒಂದೇ ಭರಣಿಯಲ್ಲಿ ಒಂದರ ಹಿಂದೊಂದು ಸಿದ್ಧಿಸುತ್ತವೆ. ಮಿಡಿಯ ಒಗರು ತಗ್ಗುವುದೂ, ಸೊನೆಯ ಪರಿಮಳವು ರಸಕ್ಕೆ ಇಳಿಯುವುದೂ ಈ ಅವಧಿಯಲ್ಲಿಯೇ. ಆದರೆ ಒಳಗಣ ಉಪ್ಪೂ ಹೊರಗಣ ಉಪ್ಪೂ ಸಮನಾದ ದಿನ ಈ ವ್ಯಾಪಾರವು ಮುಗಿಯುತ್ತದೆ. ಅಲ್ಲಿಂದಾಚೆಗೆ ಇನ್ನೊಂದು ತಿಂಗಳು ಇಟ್ಟರೂ ಈ ದಾರಿಯಿಂದ ಮಿಡಿಗೆ ಬರಬೇಕಾದುದು ಏನೂ ಉಳಿದಿರುವುದಿಲ್ಲ. ಉಪ್ಪು ಸಾಲದೆ ಹೋದಲ್ಲಿಯಂತೂ ಕಾಲವು ವಿರುದ್ಧಪಕ್ಷಕ್ಕೆ ಸೇರಿ ಬೂಷ್ಟಿಗೆ ಸಹಾಯಮಾಡುತ್ತದೆ. ಅದೇ ಹದಿನೈದು ದಿನ. ಒಂದು ಭರಣಿಯಲ್ಲಿ ಪಾಕ, ಮತ್ತೊಂದರಲ್ಲಿ ಕೊಳೆತ.

ಮಸಾಲೆಯನ್ನು ಕೂಡಿಸಿದ ಮೇಲಿನ ಕಥೆಯು ಇದಕ್ಕಿಂತ ಸೂಕ್ಷ್ಮವಾದುದು. ಒಣ ಸಾಸಿವೆಯಲ್ಲಿ ಘಾಟಿಲ್ಲ. ಅದರಲ್ಲಿರುವ ಸಿನಿಗ್ರಿನ್ ಎಂಬ ದ್ರವ್ಯವನ್ನು, ಅರೆದು ನೀರು ತಾಕಿದಾಗ, ಅದೇ ಕಾಳಿನಲ್ಲಿ ಬೇರೆಯಾಗಿ ಅಡಗಿರುವ ಕಿಣ್ವವು ಒಡೆಯುತ್ತದೆ. ಆಗ ಘಾಟು ಹುಟ್ಟುವುದು. ಹುಟ್ಟಿದ ಘಾಟು ಆವಿಯಾಗುವ ಸ್ವಭಾವದ್ದಾದುದರಿಂದ ದಿನಗಳೆದಂತೆ ಕುಂದುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಗುಣವಾದರೋ ಬೇರೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಅದರ ಖ್ಯಾತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕವು ದೊರೆಯಿತು. ಆ ಬಣ್ಣವು ಎಣ್ಣೆಯಲ್ಲಿ ನಿಧಾನವಾಗಿ ಬಿಡುತ್ತದೆ. ಬೆಳಕೂ ಗಾಳಿಯೂ ತಾಕಿದರೆ ಮಾಸುತ್ತದೆ. ಹೀಗಿರಲು ಒಂದೇ ಭರಣಿಯಲ್ಲಿ ಉಪ್ಪು ಇಳಿಯುತ್ತಿರುವುದು, ಬಣ್ಣ ಏರುತ್ತಿರುವುದು, ಘಾಟು ಕುಂದುತ್ತಿರುವುದು. ‘ಹದ’ವೆಂಬುದು ಈ ಏರಿಳಿತಗಳು ನಾಲಗೆಗೆ ಒಪ್ಪುವಂತೆ ಸಂಧಿಸುವ ಒಂದು ಅವಧಿಯೇ ಹೊರತು, ಇಟ್ಟಷ್ಟೂ ಬೆಳೆಯುವ ಗುಣವಲ್ಲ.

ಪ್ರಾಚೀನರು ಈ ಭೇದವನ್ನು ಅರಿಯದವರಲ್ಲ. ಪಾಕವೂ ಗಂಧಯೋಗವೂ ಬರೆದಿಡತಕ್ಕ ವಿದ್ಯೆಗಳೆಂಬ ಭಾವನೆಯು ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಷ್ಟು ಹಿಂದೆಯೇ ಕನ್ನಡದಲ್ಲಿ ನೆಲೆಗೊಂಡಿತ್ತು. ಔಷಧಗಳ ಆಯುಸ್ಸಿನ ವಿಷಯದಲ್ಲಿ ‘ಶಾರ್ಙ್ಗಧರ ಸಂಹಿತೆ’ಯ ನಿರ್ಣಯವು ವಿಶೇಷವಾಗಿ ಮನನೀಯ. ಚೂರ್ಣವು ಎರಡು ತಿಂಗಳಿಗೆ ಹೀನವೀರ್ಯವಾಗುವುದೆಂದೂ, ಗುಟಿಕೆ ಲೇಹ್ಯಗಳು ಒಂದು ವರ್ಷಕ್ಕೆ ಹಾಗಾಗುವುವೆಂದೂ, ಆಸವಗಳಾದರೋ ಹಳೆಯದಾದಷ್ಟೂ ಗುಣಯುಕ್ತವೆಂದೂ ಆ ಗ್ರಂಥದಲ್ಲಿ ಹೇಳಿದೆ. ಕಾಲವೊಂದೇ, ಫಲ ಮೂರು. ದ್ರವ್ಯಭೇದದಿಂದ ಫಲಭೇದವೆಂಬ ತತ್ತ್ವವೇ ಇಲ್ಲಿ ಅಭಿಪ್ರೇತವಾದುದು. ಆಸವದಲ್ಲಿ ಬೆಲ್ಲವೂ ಧಾತಕೀಪುಷ್ಪವೂ ಇರುವುದರಿಂದ ಹುದುಗುವ ವ್ಯಾಪಾರವು ನಡೆದು, ಹುಟ್ಟಿದ ಮದ್ಯಾಂಶವು ಮೂಲಿಕೆಯ ಸಾರವನ್ನು ಎಳೆದುಕೊಳ್ಳುವುದು. ಚೂರ್ಣದಲ್ಲಿ ಇನ್ನು ಆಗಬೇಕಾದುದಿಲ್ಲ. ಗಾಳಿಗೆ ಕಳೆಯಬೇಕಾದುದು ಮಾತ್ರ ಉಂಟು.

ಈ ಅಳತೆಗೋಲಿನಿಂದ ವಿದ್ಯುತ್ ಸಿಗರೇಟಿನ ರಸವನ್ನು ಅಳೆಯಬಹುದು. ಅದರಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸಾಮಾನ್ಯವಾಗಿ ನಿಕೊಟಿನ್, ಮತ್ತು ಪರಿಮಳದ್ರವ್ಯಗಳು ಇರುವುವು. ಸಾರವನ್ನು ಬಿಡತಕ್ಕ ಕಾಯಿಯಾಗಲಿ ಬೇರಾಗಲಿ ಅದರಲ್ಲಿಲ್ಲ. ಹುದುಗಿಸುವ ಜೀವಾಣುವೂ ಇಲ್ಲ. ಗ್ಲಿಸರಿನ್ ಮಂದವಾದುದರಿಂದ ಬೆರೆಯಲು ತಡವಾಗುವುದು ನಿಜ. ಆದರೆ ಚೆನ್ನಾಗಿ ಕುಲುಕುವುದರಿಂದ ನೆರವೇರುವ ಕೆಲಸಕ್ಕೆ ವಾರಗಳು ಬೇಕಾಗಿಲ್ಲ. ಉಳಿದುದು ರಾಸಾಯನಿಕ ಪರಿಣಾಮ. ಗಾಳಿಯ ಆಮ್ಲಜನಕದಿಂದ ನಿಕೊಟಿನ್ ಕಂದುತ್ತದೆ; ಈ ಕಂದುಬಣ್ಣವನ್ನೇ ಮಾಗಿದ ಗುರುತೆಂದು ತಿಳಿಯುವವರುಂಟು. ವೆನಿಲಿನ್ ಮೊದಲಾದ ಆಲ್ಡಿಹೈಡ್ ಜಾತಿಯ ಪರಿಮಳಗಳು ಪ್ರೊಪಿಲೀನ್ ಗ್ಲೈಕಾಲಿನೊಡನೆ ಕೂಡಿ ಅಸಿಟಾಲ್ ಎಂಬ ಹೊಸ ದ್ರವ್ಯಗಳಾಗುತ್ತವೆ. ಅಮೆರಿಕೆಯ ಯೇಲ್ ಮತ್ತು ಡ್ಯೂಕ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಕೆಲವು ಪರಿಮಳಗಳಲ್ಲಿ ಶೇಕಡ 40ರಷ್ಟು ಹೀಗೆ ಮಾರ್ಪಡುವುದು. ಆ ದ್ರವ್ಯಗಳು ಆವಿಯೊಡನೆಯೂ ಸಾಗುವುವು. ಶ್ವಾಸಮಾರ್ಗದ ಉರಿಯನ್ನು ಗ್ರಹಿಸುವ ನರಗ್ರಾಹಿಗಳನ್ನು ಅವು ಕೆರಳಿಸುವುದೂ ಕಂಡುಬಂದಿತು. ಆದುದರಿಂದ ನೆನೆಹಾಕಿದ ರಸವು ಬದಲಾಗುವುದೆಂಬುದು ಸುಳ್ಳಲ್ಲ. ಬದಲಾದುದೆಲ್ಲವೂ ಉತ್ತಮವಾಯಿತೆಂಬುದಕ್ಕೆ ಮಾತ್ರ ಪ್ರಮಾಣವಿಲ್ಲ. ಕರ್ನಾಟಕವು 2016ರಲ್ಲಿಯೇ ಈ ಸಿಗರೇಟನ್ನು ನಿಷೇಧಿಸಿತು; 2019ರ ಕೇಂದ್ರ ಕಾಯಿದೆಯು ಅದರ ತಯಾರಿಕೆ, ಮಾರಾಟ, ಸಂಗ್ರಹಗಳನ್ನು ದೇಶಾದ್ಯಂತ ನಿಷೇಧಿಸಿತು. ಈ ಕಾರಣದಿಂದ ಇಲ್ಲಿ ಅದು ವಿಚಾರಕ್ಕೆ ನಿದರ್ಶನವೇ ಹೊರತು ಅನುಕರಣೀಯವಲ್ಲ.

ಇನ್ನು ಪ್ರಮಾಣದ ವಿಷಯ. ತಿಂಗಳ ಹಿಂದೆ ಸವಿದುದಕ್ಕಿಂತ ಇಂದಿನದು ಮೇಲೆಂದು ಹೇಳುವವನು ಎರಡು ರಸಗಳನ್ನು ಹೋಲಿಸುತ್ತಿಲ್ಲ. ಒಂದು ರಸವನ್ನೂ ಒಂದು ಸ್ಮರಣೆಯನ್ನೂ ಹೋಲಿಸುತ್ತಿರುವನು. ನಡುವೆ ಕಾಯ್ದ ಕಾತರವೂ, ಅಭ್ಯಾಸವಾದ ನಾಲಗೆಯೂ ಸೇರಿಕೊಂಡಿರುವುವು. ಭಿನ್ನವಾದ ಎರಡು ‘ನೆನೆ’ಗಳು ಉಚ್ಚಾರಣೆಯಲ್ಲಿ ಒಂದಾದಂತೆ, ಇಲ್ಲಿ ರಸವು ನೆನೆದುದೂ ಸವಿದವನು ನೆನೆದುದೂ ಒಂದಾಗಿಬಿಡುವುವು. ಇವುಗಳನ್ನು ಬಿಡಿಸುವ ಉಪಾಯವು ಕಷ್ಟವಾದುದಲ್ಲ. ಮನೆಯ ಉಪ್ಪಿನಕಾಯಿಯನ್ನೇ ಒಂದೇ ಅಳತೆಯಲ್ಲಿ, ಒಂದೇ ಸಾಮಗ್ರಿಯಿಂದ, ಬೇರೆ ಬೇರೆ ದಿನಗಳಲ್ಲಿ ಕಲಸಿ ಒಂದೇ ದಿನ ಸವಿಯಬೇಕು. ಗುರುತಿಲ್ಲದ ಮೂರು ಬಟ್ಟಲುಗಳಲ್ಲಿ ಎರಡಕ್ಕೆ ಒಂದೇ ಭರಣಿಯದನ್ನು, ಮೂರನೆಯದಕ್ಕೆ ಇನ್ನೊಂದರದನ್ನು ಬಡಿಸಿ, ಬೇರೆಯಾದುದು ಯಾವುದೆಂದು ಕೇಳಬೇಕು. ಊಹೆಯಿಂದಲೇ ಮೂರಕ್ಕೆ ಒಂದು ಸಲ ಉತ್ತರವು ಸರಿಯಾಗುವುದು. ಪರೀಕ್ಷೆಯನ್ನು ಅನೇಕಾವರ್ತಿ ಮಾಡಿದಾಗ ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಸಲ ಸರಿಯಾದರೆ ಮಾತ್ರ ಭೇದವಿದೆಯೆನ್ನಬಹುದು. ಯಾವುದು ಮೇಲೆಂಬ ಪ್ರಶ್ನೆಯು ಅನಂತರದ್ದು.

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ನೆನೆಹಾಕುವುದರಿಂದ ರುಚಿಯು ಹೆಚ್ಚುವುದು, ಆ ಪಾತ್ರೆಯಲ್ಲಿ ಬಿಡಬೇಕಾದ ಸಾರವೋ, ಸೇರಬೇಕಾದ ಉಪ್ಪೋ, ಹುದುಗಬೇಕಾದ ಸಿಹಿಯೋ, ಕುಂದಬೇಕಾದ ಒಗರೋ ಉಳಿದಿರುವ ತನಕ. ಆ ಕೆಲಸವು ಮುಗಿದ ಮೇಲೆ ಕಾಲವು ಕಳೆಯುವುದೇ ಹೊರತು ಕೂಡಿಸುವುದಿಲ್ಲ. ಇಂಥ ರಸವನ್ನು ಎಷ್ಟು ದಿನ ಇಡಬೇಕೆಂದು ಕೇಳುವ ಮೊದಲು, ಅದರಲ್ಲಿ ಇನ್ನೂ ಏನು ನಡೆಯಬೇಕಾಗಿದೆಯೆಂದು ಕೇಳುವುದೇ ಸರಿಯಾದ ಕ್ರಮ. ಭರಣಿಗೆ ಉಪ್ಪಿನ ಹೆಸರನ್ನಿಟ್ಟ ಕನ್ನಡದ ಮನೆಮಾತಿನಲ್ಲಿ ಈ ಉತ್ತರವು ಮೊದಲಿನಿಂದಲೂ ಇದ್ದಿತು.